ಬಂಡೆಗಳ ಸೀಮೆಯಲ್ಲಿ ಒಂದು ಹಗಲು

ಮರುಭೂಮಿ ನೋಡಬೇಕೆಂದರೆ ಜೈಸಲ್ಮೇರಿಗೇ ಹೋಗಬೇಕೆ? ಕೋಲಾರದ ಕಡೆಯವರನ್ನು ಕೇಳಿದರೆ, "ಅಷ್ಟು ದೂರ ಯಾಕೆ, ನಮ್ಮೂರಿಗೇ ಬನ್ನಿ" ಎಂದು ನಗುತ್ತಾರೆ. ಆ ನಗುವಿನ ಹಿಂದೆ ನೋವೂ ಇದೆ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ಇದು. ಪಾಲಾರ್ ಹೆಸರಿಗೆ ಹಾಲಿನ ಹೊಳೆ. ಮಳೆಗಾಲ ಕಳೆದರೆ ಬರೀ ಮರಳಿನ ದಾರಿ. ಎತ್ತ ನೋಡಿದರೂ ಒಂದರ ಮೇಲೊಂದು ಪೇರಿಸಿಟ್ಟಂತಿರುವ ಬಂಡೆಗಳು, ನಡುನಡುವೆ ಕುರುಚಲು, ಕೆಂಪು ಹೊಲ. ಹೆದ್ದಾರಿಯಲ್ಲಿ ತಿರುಪತಿಗೆ ಹೋಗುವವರು ಕಿಟಕಿಯಿಂದ ಇದನ್ನೇ ನೋಡಿ, ಬರಡು ಸೀಮೆ ಎಂದುಕೊಂಡು ನಿದ್ದೆಹೋಗುತ್ತಾರೆ.

ಮಾಲೂರಿನ ಒಬ್ಬ ಹುಡುಗಿಯೂ ಹಾಗೆಯೇ ತಿಳಿದುಕೊಂಡಿದ್ದಳು. ಬಿ.ಎಸ್ಸಿ. ಎರಡನೆಯ ವರ್ಷ, ಭೂವಿಜ್ಞಾನ ಒಂದು ವಿಷಯ. ಗೆಳತಿಯರು ರಾಜಸ್ಥಾನದ ಪ್ರವಾಸಕ್ಕೆ ಹೆಸರು ಕೊಟ್ಟಾಗ ಇವಳ ತಂದೆ, "ಮುಂದಿನ ವರ್ಷ ನೋಡೋಣಮ್ಮ" ಎಂದರು. ಮುಂದಿನ ವರ್ಷವೂ ಅದೇ ಮಾತು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಅದೇ ವಾರ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯಿಂದ ಸೋದರಮಾವನ ಫೋನು ಬಂತು. ಎರಡು ಕೊಳವೆಬಾವಿ ಬತ್ತಿಹೋಗಿವೆ. ತೆಂಗಿನಕಾಯಿ ಹಿಡಿದು ನೀರು ನೋಡುವವರು ಬಂದು ಹೊಸ ಜಾಗ ತೋರಿಸಿದ್ದಾರೆ. ಸಾವಿರದ ಇನ್ನೂರು ಅಡಿ ಹೋಗಬೇಕಾಗಬಹುದು. ಅಕ್ಕನ ಬಳೆ ಅಡವಿಡಲು ಸಿಗುತ್ತದೆಯೇ ಎಂಬುದು ಅದರ ಸಾರಾಂಶ. ಅಮ್ಮ ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ಮಗಳಿಗೆ ಹೇಳಿದರು: "ನೀನು ಕಲ್ಲು ಮಣ್ಣು ಓದ್ತಿದೀಯಲ್ಲ, ಹೋಗಿ ನೋಡ್ಕೊಂಡು ಬಾ. ಬಳೆ ಕೊಡೋದೋ ಬೇಡವೋ ಆಮೇಲೆ ಹೇಳ್ತೀನಿ."

ಹೋಗುವುದೇ ಆದರೆ ನೇರ ದಾರಿ ಬಿಟ್ಟು, ಕೋಲಾರ, ಮುಳಬಾಗಿಲು ನೋಡಿಕೊಂಡು ಸಂಜೆಗೆ ಅಜ್ಜಿಯ ಮನೆ ಸೇರುತ್ತೇನೆ ಎಂದು ಹುಡುಗಿ ಹಟ ಹಿಡಿದಳು. ಪ್ರತಿ ಊರಿನಿಂದಲೂ ಫೋನು ಮಾಡಬೇಕು, ಕತ್ತಲಾಗುವ ಮೊದಲು ಸೇರಬೇಕು ಎಂಬ ಎರಡು ಷರತ್ತಿನ ಮೇಲೆ ಅಪ್ಪ ಒಪ್ಪಿದರು. ಒಂಟಿಯಾಗಿ ಅವಳು ಮಾಡಿದ ಮೊದಲ ಪ್ರಯಾಣ ಅದು. ಏಪ್ರಿಲ್ ತಿಂಗಳ ಒಂದು ಭಾನುವಾರ. ಚೀಲದಲ್ಲಿ ಚಿತ್ರಾನ್ನದ ಡಬ್ಬಿ, ನಾಲ್ಕು ಬಾಳೆಹಣ್ಣು, ಒಂದು ನೋಟ್ ಪುಸ್ತಕ, ಲೀಟರಿನ ಎರಡು ನೀರಿನ ಬಾಟಲಿ.

ಮಾಲೂರಿನಿಂದ ಹೊರಟ ಬಸ್ಸಿನಲ್ಲಿ ಖರ್ಚೇನೂ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹೆಣ್ಣುಮಕ್ಕಳಿಗೆ ಶೂನ್ಯ ದರದ ಚೀಟಿ. ಮಾಲೂರು ಮಾಸ್ತಿಯವರ ತಾಲ್ಲೂಕು. ಹೆಂಚು ಮತ್ತು ಇಟ್ಟಿಗೆಗೂ ಹೆಸರಾದದ್ದು. ಇಟ್ಟಿಗೆ ಗೂಡುಗಳ ಹೊಗೆ ಬೆಳಗಿನ ಮಂಜಿನಂತೆ ನೆಲಕ್ಕೆ ಅಂಟಿಕೊಂಡಿತ್ತು. ಇಟ್ಟಿಗೆಗೆ ಒಳ್ಳೆಯ ಜೇಡಿ ಸಿಗುವುದು ಕೆರೆಯ ಅಂಗಳದಲ್ಲಿ. ನೂರಾರು ವರ್ಷ ಮಳೆನೀರಿನ ಜೊತೆ ಹರಿದುಬಂದು ತಳದಲ್ಲಿ ಕೂತ ನುಣುಪು ಮಣ್ಣು ಈಗ ಗೋಡೆಯಾಗಿ ನಿಂತಿದೆ. ಹುಡುಗಿ ಇದನ್ನು ದಿನವೂ ನೋಡಿದವಳೇ. ಅಂದು ಮಾತ್ರ ಪುಸ್ತಕ ತೆಗೆದು 'ಇಟ್ಟಿಗೆ - ಕೆರೆ' ಎಂದು ಗುರುತು ಹಾಕಿಕೊಂಡಳು.

ಕೋಲಾರ ಪಟ್ಟಣದ ಪಶ್ಚಿಮಕ್ಕೆ ಗೋಡೆಯಂತೆ ನಿಂತಿರುವುದು ಶತಶೃಂಗ ಬೆಟ್ಟಸಾಲು. ಪಟ್ಟಣದಿಂದ ಮೂರು ನಾಲ್ಕು ಕಿಲೋಮೀಟರ್ ದೂರದಲ್ಲಿ ಆ ಬೆಟ್ಟದ ಮಗ್ಗುಲಲ್ಲೇ ಅಂತರಗಂಗೆ. ಹೊಂಗೆ ಮರಗಳು ಹೊಸ ಚಿಗುರಿನಲ್ಲಿ ತಿಳಿಹಸಿರಾಗಿದ್ದವು. ಮಿಕ್ಕೆಲ್ಲ ಒಣಗಿ ನಿಂತ ತಿಂಗಳಲ್ಲಿ ಹೊಂಗೆ ಎಲ್ಲಿಂದ ಈ ಹಸಿರನ್ನು ತರುತ್ತದೆಯೋ! ನೂರಾರು ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರನ ಗುಡಿ, ಎದುರಿಗೆ ಕಲ್ಯಾಣಿ. ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತಲೇ ಇರುತ್ತದೆ. ನೆಲದಡಿಯಲ್ಲಿ ಕಾಶಿಯಿಂದ ಬರುವ ಗಂಗೆ ಎಂದು ಜನರ ನಂಬಿಕೆ. ಭಾನುವಾರವಾದ್ದರಿಂದ ಕೊಡ, ಕ್ಯಾನು ಹಿಡಿದವರ ಸಾಲೇ ಇತ್ತು. ಹುಡುಗಿ ತನ್ನ ಬಾಟಲಿಯ ನೀರು ಕುಡಿದು ಖಾಲಿ ಮಾಡಿ, ಬಸವನ ಬಾಯಿಗೆ ಹಿಡಿದಳು. ಹಿಂದಿರುಗಿ ನೋಡುವಷ್ಟರಲ್ಲಿ ನಾಲ್ಕು ಬಾಳೆಹಣ್ಣೂ ಮಂಗಗಳ ಪಾಲಾಗಿದ್ದವು. ಅಂತರಗಂಗೆಗೆ ಹೋಗುವವರು ಚೀಲದ ಬಾಯಿ ಬಿಗಿಯಾಗಿ ಕಟ್ಟಿಕೊಳ್ಳುವುದು ಒಳ್ಳೆಯದು.

ಸುಡುವ ಬಂಡೆಯ ಬೆಟ್ಟದಲ್ಲಿ ಬೇಸಗೆಯಲ್ಲೂ ನೀರು ಹೇಗೆ? ಈ ಸೀಮೆಯ ಕಲ್ಲು 250 ಕೋಟಿ ವರ್ಷಗಳಷ್ಟು ಹಳೆಯದು. ಬಿಸಿಲಿಗೆ ಹಿಗ್ಗಿ, ರಾತ್ರಿಯ ತಂಪಿಗೆ ಕುಗ್ಗಿ, ಮಳೆಗೆ ಕೊರೆದು ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಕಳಚುತ್ತದೆ. ಗುಂಡುಬಂಡೆಗಳು ಹುಟ್ಟಿದ್ದೇ ಹೀಗೆ. ಯಾವ ಭೀಮನೂ ಎತ್ತಿಟ್ಟದ್ದಲ್ಲ. ಬಂಡೆ ತಾನಾಗಿ ನೀರು ಹೀರದು. ಆದರೆ ಅದರ ಸೀಳುಗಳಲ್ಲಿ ನೀರು ಇಳಿಯುತ್ತದೆ. ಬೆಟ್ಟದ ಮೇಲೆ ಮಣ್ಣಿದೆ, ತೇರಹಳ್ಳಿಯಂಥ ಊರುಗಳಿವೆ, ಕುರುಚಲು ಕಾಡಿದೆ. ಅಲ್ಲಿ ಬಿದ್ದ ಮಳೆ ತಡೆದು ತಡೆದು ಬಿರುಕಿಗೆ ಇಳಿದು, ತಿಂಗಳುಗಟ್ಟಲೆ ನಡೆದು, ಕೆಳಗಿನ ಒಂದು ಸೀಳಿನಲ್ಲಿ ಹೊರಬರುತ್ತದೆ. ಬಸವನ ಬಾಯಿಂದ ಇಂದು ಬೀಳುವ ನೀರು ಯಾವ ತಿಂಗಳ ಮಳೆಯೋ. ಬೆಟ್ಟವೇ ಒಂದು ಹಗೇವು. ನಾವು ರಾಗಿ ತುಂಬಿಡುತ್ತಿದ್ದ ಜಾಗದಲ್ಲಿ ಅದು ನೀರು ತುಂಬಿಟ್ಟುಕೊಂಡಿದೆ. ಮೇಲಿನ ಮಣ್ಣು ಕೊಚ್ಚಿಹೋಗಿ ಕಾಡು ಬೋಳಾದರೆ ಮಳೆ ಬಿದ್ದ ದಿನವೇ ಜಾರಿಹೋಗುತ್ತದೆ.

ಪಟ್ಟಣಕ್ಕೆ ಇಳಿದು ಕೋಲಾರಮ್ಮನ ಗುಡಿಗೆ ಬಂದಾಗ ಬಿಸಿಲೇರಿತ್ತು. ಹೊರಗಿನಿಂದ ನೋಡಿದರೆ ಇಷ್ಟೇನಾ ಎನಿಸುವಂಥ ತಗ್ಗಾದ ಗುಡಿ. ಒಳಗೆ ಕಾಲಿಟ್ಟರೆ ಸಾವಿರ ವರ್ಷದ ತಂಪು. ಸಪ್ತಮಾತೃಕೆಯರ ನಡುವೆ ಊರ ದೇವತೆ; ಉಗ್ರರೂಪವೆಂದು ಕನ್ನಡಿಯಲ್ಲಿ ದರ್ಶನ ಮಾಡುವ ಪದ್ಧತಿ. ಪಕ್ಕದಲ್ಲೇ ಚೇಳಿನ ದೇವತೆ ಚೇಳಮ್ಮ. ಬಂಡೆಯ ನಾಡಿನಲ್ಲಿ ಕಲ್ಲೆತ್ತಿದರೆ ಚೇಳು. ಅದಕ್ಕೂ ಒಂದು ದೇವರು ಬೇಕಲ್ಲ! ಕಾಣಿಕೆ ಹಾಕಲು ನೆಲದಲ್ಲೇ ಕೊರೆದ ಹುಂಡಿ. ಹನ್ನೊಂದನೆಯ ಶತಮಾನದ ಚೋಳರ ಕಾಲದ ತಮಿಳು ಶಾಸನಗಳು ಗೋಡೆಗಳ ಮೇಲಿವೆ. ಒಂದು ಜಿಲ್ಲೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಬೆರೆತದ್ದು ಇಂದು ನಿನ್ನೆಯಲ್ಲ. ಹತ್ತಿರದ ಸೋಮೇಶ್ವರ ದೇವಾಲಯದ ಕಲ್ಯಾಣಮಂಟಪವೂ ನೋಡತಕ್ಕದ್ದೇ. ಹೈದರಾಲಿಯ ತಂದೆ ಫತೇ ಮಹಮ್ಮದನ ಸಮಾಧಿಯೂ ಇದೇ ಊರಿನಲ್ಲಿದೆ. ಸಮಯವಿದ್ದವರು ಎರಡನ್ನೂ ನೋಡಬಹುದು.

ಕೋಲಾರದ ಹಳೆಯ ಹೆಸರು ಕುವಲಾಲ. ನಾಲ್ಕನೆಯ ಶತಮಾನದಲ್ಲಿ ಗಂಗರು ಆಳಲು ಶುರುಮಾಡಿದ್ದು ಇಲ್ಲಿಂದ. ರಾಜಧಾನಿ ತಲಕಾಡಿಗೆ ಹೋದ ಎಷ್ಟೋ ಶತಮಾನಗಳ ಮೇಲೂ 'ಕುವಲಾಲಪುರವರೇಶ್ವರ' ಎಂಬ ಬಿರುದನ್ನು ಅವರು ಬಿಡಲಿಲ್ಲ. ಇದರಲ್ಲೊಂದು ತಮಾಷೆಯಿದೆ. ನದಿಯಿಲ್ಲದ ಊರು ಬಿಟ್ಟು ಕಾವೇರಿಯ ದಂಡೆಗೆ ಹೋದರು; ಆ ತಲಕಾಡನ್ನು ಮರಳು ಮುಚ್ಚಿತು. ಬಂಡೆಯ ಮಧ್ಯದ ಕೋಲಾರ ಇನ್ನೂ ಇದೆ. ಹೇಗೆ ಉಳಿಯಿತು ಎಂಬ ಪ್ರಶ್ನೆಗೆ ಉತ್ತರ ಗುಡಿಯಲ್ಲಿಲ್ಲ. ಪಟ್ಟಣದ ಅಂಚಿನ ಕೋಲಾರಮ್ಮನ ಕೆರೆಯಲ್ಲಿದೆ. ಗುಡಿಗೂ ಕೆರೆಗೂ ಒಂದೇ ಹೆಸರು.

ಮುಳಬಾಗಿಲಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹುಡುಗಿ ಒಂದು ಲೆಕ್ಕಕ್ಕೆ ಕೂತಳು. ವಿದ್ಯಾರ್ಥಿಗಳು ತಮ್ಮ ತಮ್ಮ ಊರಿಗೂ ಇದನ್ನು ಮಾಡಿನೋಡಬಹುದು. ಕೋಲಾರ ಜಿಲ್ಲೆಯ ವಾರ್ಷಿಕ ಮಳೆ ಸರಾಸರಿ 700 ಮಿಲಿಮೀಟರ್ ಆಸುಪಾಸು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ಒಂದು ಎಕರೆಯೆಂದರೆ ಸುಮಾರು 4,047 ಚದರ ಮೀಟರ್. ಗುಣಿಸಿದರೆ ಎಕರೆಗೆ ವರ್ಷಕ್ಕೆ 28 ಲಕ್ಷ ಲೀಟರಿಗೂ ಹೆಚ್ಚು! ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 560 ಟ್ಯಾಂಕರ್. ಮಾವನಿಗೆ ಇರುವುದು ಮೂರು ಎಕರೆ. ಆಕಾಶ ಆ ಹೊಲಕ್ಕೆ ವರ್ಷಕ್ಕೆ ಹದಿನಾರು ನೂರಕ್ಕೂ ಹೆಚ್ಚು ಟ್ಯಾಂಕರ್ ನೀರು ಕಳಿಸುತ್ತದೆ, ಬಾಡಿಗೆಯಿಲ್ಲದೆ.

ಅವಳು ಲೆಕ್ಕವನ್ನು ಎರಡು ಸಲ ಮಾಡಿದಳು. ಜೈಸಲ್ಮೇರಿನಲ್ಲಿ ವರ್ಷಕ್ಕೆ ಬರುವ ಮಳೆ ಸರಾಸರಿ 200 ಮಿಲಿಮೀಟರ್ ಆಸುಪಾಸು. ಭೂಗೋಳದ ಪುಸ್ತಕಗಳು ಸಾಮಾನ್ಯವಾಗಿ 250 ಮಿಲಿಮೀಟರಿಗಿಂತ ಕಡಮೆ ಮಳೆಯ ಸೀಮೆಯನ್ನು ಮರುಭೂಮಿ ಎನ್ನುತ್ತವೆ. ಆ ಲೆಕ್ಕದಲ್ಲಿ ಕೋಲಾರ ಮರುಭೂಮಿಯಲ್ಲ, ಅರೆಶುಷ್ಕ ಪ್ರದೇಶ. ಮಳೆ ಬರುತ್ತದೆ, ಆದರೆ ಕೆಲವೇ ದಿನಗಳಲ್ಲಿ ಸುರಿದುಹೋಗುತ್ತದೆ. ಒಂದು ವರ್ಷ ಬಂದದ್ದು ಮರುವರ್ಷ ಬರುವ ಖಾತರಿಯಿಲ್ಲ. ಬಿಸಿಲು ಹೀರಬಲ್ಲ ನೀರು ಬೀಳುವ ಮಳೆಗಿಂತ ಎಷ್ಟೋ ಹೆಚ್ಚು. ಹಿಡಿದಿಟ್ಟವರಿಗೆ ಉಂಟು, ಬಿಟ್ಟವರಿಗೆ ಇಲ್ಲ. ಇಷ್ಟು ಬರೆದು ಮುಗಿಸುವಷ್ಟರಲ್ಲಿ ಕಂಡಕ್ಟರು "ಮುಳಬಾಗಿಲು, ಮುಳಬಾಗಿಲು" ಎಂದು ಕೂಗಿದರು.

ಮೂಡಲ ಬಾಗಿಲೇ ಮುಳಬಾಗಿಲು. 1887ರಲ್ಲಿ ಡಿ.ವಿ.ಜಿ. ಹುಟ್ಟಿದ ಊರು. ಹತ್ತಿರದ ನರಸಿಂಹತೀರ್ಥದಲ್ಲಿ ಹರಿದಾಸ ಸಾಹಿತ್ಯದ ಹಿರಿಯರಾದ ಶ್ರೀಪಾದರಾಜರ ಬೃಂದಾವನವಿದೆ. ಇಷ್ಟೆಲ್ಲ ಇದ್ದರೂ ಬಸ್ಸಿಳಿದವರ ಬಾಯಲ್ಲಿ ಮೊದಲು ಬರುವುದು ಮುಳಬಾಗಿಲು ದೋಸೆ. ಬಾಳೆಹಣ್ಣು ಕಳೆದುಕೊಂಡ ಹುಡುಗಿ ಚಿತ್ರಾನ್ನವನ್ನು ಮಧ್ಯಾಹ್ನಕ್ಕೆಂದು ಉಳಿಸಿ, ದೋಸೆಗೆ ಶರಣಾದಳು. ಹೊರಗೆ ಗರಿ, ಒಳಗೆ ಮೆತ್ತಗೆ. ಅದನ್ನು ವರ್ಣಿಸುವುದಕ್ಕಿಂತ ತಿನ್ನುವುದು ಮೇಲು. ಅಲ್ಲಿಂದ ಮನೆಗೆ ಎರಡನೆಯ ಫೋನು. "ನೀರು ಕುಡೀತಿದೀಯ ತಾನೆ?" ಎಂದರು ಅಮ್ಮ.

ಆವಣಿ ಮುಳಬಾಗಿಲಿನಿಂದ ಹದಿಮೂರು ಕಿಲೋಮೀಟರ್ ಆಸುಪಾಸು. ಬಸ್ಸುಗಳು ಕಡಮೆ, ಹಂಚಿಕೊಂಡು ಹೋಗುವ ಆಟೋ ಸಿಗುತ್ತದೆ. ಊರು ಹತ್ತಿರವಾದಂತೆ ಒಂದು ದೊಡ್ಡ ಕಲ್ಲಿನ ಬೆಟ್ಟ ಎದ್ದುನಿಲ್ಲುತ್ತದೆ. ವಾಲ್ಮೀಕಿ ಆಶ್ರಮ ಇದ್ದದ್ದು ಆ ಬೆಟ್ಟದಲ್ಲಿ, ಲವಕುಶರು ಹುಟ್ಟಿದ್ದು ಅಲ್ಲಿ ಎಂದು ಸ್ಥಳಪುರಾಣ. ಮಕ್ಕಳ ಮೇಲೆಯೇ ಯುದ್ಧ ಮಾಡಿದ ದೋಷ ಕಳೆಯಲು ರಾಮನೂ ತಮ್ಮಂದಿರೂ ಒಂದೊಂದು ಲಿಂಗ ಸ್ಥಾಪಿಸಿದರಂತೆ. ಹಾಗಾಗಿ ಒಂದೇ ಆವರಣದಲ್ಲಿ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಗುಡಿಗಳು. ಬಹುಪಾಲು ಹತ್ತನೆಯ ಶತಮಾನದ ನೊಳಂಬರ ಕಾಲದ ಕೆಲಸ. ಕಂಬಗಳ ಕೆತ್ತನೆ, ಗೋಡೆಯ ಜಾಲಂಧ್ರಗಳನ್ನು ನೋಡುತ್ತ ಹೋದರೆ ಈ ಗಡಸು ಕಲ್ಲಿನ ಮೇಲೆ ಇಷ್ಟು ಮೃದು ಕೈ ಹೇಗೆ ಓಡಿತೋ ಎನಿಸುತ್ತದೆ. ಬೇಲೂರಿನ ಬಳಪದ ಕಲ್ಲಿನಂತೆ ಉಳಿ ಇಟ್ಟಲ್ಲಿ ಬಾಗುವ ಕಲ್ಲಲ್ಲ ಇದು. ಲಕ್ಷ್ಮಣೇಶ್ವರನ ಗುಡಿ ಎಲ್ಲಕ್ಕಿಂತ ಸೊಗಸು. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವುದರಿಂದ ಆವರಣ ಚೊಕ್ಕಟವಾಗಿದೆ. ಭಾನುವಾರವಾದರೂ ಅಲ್ಲಿದ್ದವರು ಹತ್ತು ಹನ್ನೆರಡು ಮಂದಿ. ಶಿವರಾತ್ರಿಯ ಹೊತ್ತಿಗೆ ಬಂದರೆ ಜಾತ್ರೆ, ದನಗಳ ಸಂತೆ, ಕಾಲಿಡಲು ಜಾಗವಿರುವುದಿಲ್ಲ.

ಹುಡುಗಿ ನೋಟ್ ಪುಸ್ತಕದಲ್ಲಿ ಮೊದಲೇ ಒಂದು ಶಾಸನದ ಸಾರಾಂಶ ಬರೆದುಕೊಂಡು ಬಂದಿದ್ದಳು. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟ ಪೂರ್ತಿಯಾಗಿ ಕೋಲಾರ ಜಿಲ್ಲೆಯ ಶಾಸನಗಳದ್ದು. ಅದರಲ್ಲಿ ಆವಣಿಯ ಒಬ್ಬ ಶೈವ ಯತಿಯ ವಿಷಯ ಬರುತ್ತದೆ. ಹೆಸರು ತ್ರಿಭುವನಕರ್ತರ. ಹತ್ತನೆಯ ಶತಮಾನದವನು. ಆವಣಿಯ ಸ್ಥಾನವನ್ನು ನಲವತ್ತು ವರ್ಷ ನಡೆಸಿದನು; ಐವತ್ತು ಗುಡಿಗಳನ್ನು ಕಟ್ಟಿಸಿದನು; ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನು.

ಐವತ್ತು ಗುಡಿ ಎಂಬಲ್ಲಿ ಎಲ್ಲರ ಕಣ್ಣು ನಿಲ್ಲುತ್ತದೆ. ಎರಡು ಕೆರೆ ಎಂಬಲ್ಲಿ ಯಾರೂ ನಿಲ್ಲುವುದಿಲ್ಲ. ಲೆಕ್ಕ ಹಾಕಿದರೆ ಕಲ್ಲು ಕಡಿದವರು, ಕೆತ್ತಿದವರು, ಎಳೆದವರು, ಅವರ ಎತ್ತುಗಳು, ಪೂಜಾರಿಗಳು, ಜಾತ್ರೆಗೆ ಬಂದವರು, ಇಷ್ಟು ಜೀವಗಳು ನದಿಯಿಲ್ಲದ ಈ ಬಯಲಿನಲ್ಲಿ ನಲವತ್ತು ವರ್ಷ ಏನು ಕುಡಿದರು, ಏನು ಉಂಡರು? ಕೆರೆ ಮೊದಲಿರಬೇಕು, ಗುಡಿ ಆಮೇಲೆ ಬರಬೇಕು. ಹುಡುಗಿ ಬಿಸಿಲಿಳಿಯುವ ತನಕ ಗುಡಿಯ ನೆರಳಿನಲ್ಲಿ ಚಿತ್ರಾನ್ನ ತಿಂದು ಕೂತಿದ್ದಳು. ಬೆಳಗಿನಿಂದ ನೋಡಿದ ಒಂದೊಂದು ಜಾಗವೂ ಅವಳಿಗೆ ಬೇರೆ ರೀತಿ ಕಾಣತೊಡಗಿತು.

ಮೂರು ಗಂಟೆಯ ಮೇಲೆ ಬೆಟ್ಟ ಹತ್ತಿದಳು. ಏಪ್ರಿಲಿನಲ್ಲಿ ಬಂಡೆ ಆ ಹೊತ್ತಿಗೂ ಚಪ್ಪಲಿಯ ಮೂಲಕ ಬಿಸಿ ಮುಟ್ಟಿಸುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಬೆಳಗ್ಗೆಯೇ ಹತ್ತುವುದು ಕ್ಷೇಮ. ದಾರಿಯುದ್ದಕ್ಕೂ ರಾಮಾಯಣದ ಒಂದೊಂದು ಘಟನೆಗೆ ಒಂದೊಂದು ಗುಂಡು, ಒಂದೊಂದು ಗವಿ. ಬಂಡೆಯ ತಗ್ಗುಗಳಲ್ಲಿ ದೊಣೆಗಳು. ನೆತ್ತಿಯ ಮೇಲೆ ಸೀತೆಯ ಗುಡಿ. ಗುಡಿಯ ಹತ್ತಿರ ಆಡು ಮೇಯಿಸುತ್ತಿದ್ದ ಒಬ್ಬ ಮುದುಕರು ಮೊದಲು ತೆಲುಗಿನಲ್ಲಿ ಏನೋ ಕೇಳಿ, ಇವಳ ಮುಖ ನೋಡಿ ಕನ್ನಡಕ್ಕೆ ತಿರುಗಿದರು.

"ಎಲ್ಲಿಂದ ಬಂದೆ ಪಾಪಾ, ಒಬ್ಳೇ?"

"ಮಾಲೂರಿಂದ, ತಾತ. ಕೆರೆ ಎಲ್ಲೆಲ್ಲಿ ಕಾಣುತ್ತೆ ಇಲ್ಲಿಂದ?"

ಗುಡಿ ಕೇಳುವವರನ್ನು ಕಂಡಿದ್ದ ತಾತನಿಗೆ ಈ ಪ್ರಶ್ನೆ ಹಿಡಿಸಿತು. ಕೋಲು ಚಾಚಿ ಒಂದೊಂದನ್ನೇ ತೋರಿಸಿದರು. ಕೆಲವು ಬಿಸಿಲಿಗೆ ತಗಡಿನಂತೆ ಹೊಳೆಯುತ್ತಿದ್ದವು. ಕೆಲವು ಬರೀ ಜಾಲಿಯ ಕಪ್ಪು ಮಚ್ಚೆ. ಮೇಲಿನಿಂದ ನೋಡಿದಾಗಲೇ ಗೊತ್ತಾಗುವುದು: ಕೆರೆಗಳು ಬಿಡಿಬಿಡಿಯಾಗಿಲ್ಲ, ಸರದ ಮಣಿಗಳಂತಿವೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ. ಕೋಲಾರ ಜಿಲ್ಲೆಯಲ್ಲಿ ಇಂಥ ಕೆರೆಗಳು ಎರಡು ಸಾವಿರಕ್ಕೂ ಹೆಚ್ಚು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ಮುಂಚೆ ನಾಲ್ಕು ಸಾವಿರ ದಾಟಿತ್ತು. ಇಡೀ ಬಯಲೇ ಮಳೆ ಹಿಡಿಯುವ ಒಂದು ಯಂತ್ರ. ಒಂದು ಕೊಂಡಿ ಕಳಚಿದರೆ ಅದರ ಕೆಳಗಿನದೆಲ್ಲ ಒಣಗುತ್ತದೆ. ರಾಜಕಾಲುವೆ ಒತ್ತುವರಿಯಾದ ಊರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

"ನಮ್ಮ ತಾತ ನೀರಗಂಟಿ" ಎಂದರು ಮುದುಕರು. "ತೂಬು ಎತ್ತೋನು ಅವನೊಬ್ಬನೇ. ದೊಡ್ಡೋರ ಗದ್ದೆಗೂ ಅಷ್ಟೇ ಹೊತ್ತು, ಬಡವರ ಗದ್ದೆಗೂ ಅಷ್ಟೇ ಹೊತ್ತು. ಸುಗ್ಗೀಲಿ ಎಲ್ಲರ ಕಣದಲ್ಲೂ ಅವನ ಪಾಲು ಬರ್ತಿತ್ತು."

"ನೀವೂ ನೀರಗಂಟೀನಾ, ತಾತ?"

"ಕೆರೇಲಿ ನೀರಿದ್ರೆ ತಾನೆ ನೀರಗಂಟಿ" ಎಂದು ಅವರು ಆಡುಗಳನ್ನು ತಿರುಗಿಸಿಕೊಂಡರು.

ಈ ಸೀಮೆಯ ಬಹಳಷ್ಟು ಊರುಗಳಲ್ಲಿ ನೀರಗಂಟಿಯ ಕೆಲಸ ದಲಿತ ಕುಟುಂಬಗಳಲ್ಲಿ ವಂಶದಿಂದ ವಂಶಕ್ಕೆ ಬಂದದ್ದು. ಈ ಸಲ ಕೆರೆಯಲ್ಲಿ ಎಷ್ಟು ನೀರಿದೆ, ಎಷ್ಟು ಗದ್ದೆಗೆ ಸಾಕು, ಭತ್ತ ಹಾಕಬಹುದೋ ಬರೀ ರಾಗಿಯೋ ಎಂಬುದು ಅವರ ಕಣ್ಣಳತೆಯಲ್ಲೇ ಇರುತ್ತಿತ್ತು. ಕೆರೆ ಕಟ್ಟಿಸಿದವನ ಹೆಸರು ಕಲ್ಲಿನ ಮೇಲಿದೆ. ಸಾವಿರ ವರ್ಷ ತೂಬು ಎತ್ತಿ ಇಳಿಸಿದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಕೊಳವೆಬಾವಿ ಬಂದಮೇಲೆ ಅವರ ಕೆಲಸ ಹೋಯಿತು. ತನ್ನ ಹೊಲ, ತನ್ನ ಮೋಟಾರು ಎಂದಾದಮೇಲೆ ಕೆರೆಯ ಹೂಳು ಎತ್ತುವುದು, ಏರಿಯ ಮೇಲಿನ ಗಿಡ ಕಡಿಯುವುದು ಯಾರ ಕೆಲಸವೂ ಆಗಲಿಲ್ಲ.

ಇಳಿಯುವ ಮುಂಚೆ ಮುದುಕರು ಇನ್ನೊಂದು ದಿಕ್ಕಿಗೆ ಕೋಲು ತೋರಿಸಿ "ಆ ಕಡೆ ಕೆಜಿಎಫ್" ಎಂದರು. ಜಿಲ್ಲೆಯಲ್ಲಿ ಮರುಭೂಮಿಯಂಥ ದಿಬ್ಬಗಳನ್ನು ನೋಡಲೇಬೇಕು ಎನ್ನುವವರು ಅಲ್ಲಿಗೆ ಹೋಗಬೇಕು. ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿ ಬೆಟ್ಟವಾಗಿ ಬಿದ್ದಿದೆ. ಸಯನೈಡ್ ದಿಬ್ಬ ಎಂದೇ ಅದರ ಹೆಸರು. ಗಾಳಿ ಬಂದರೆ ದೂಳು ಊರಿನ ಮೇಲೆ. ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಆ ಮರಳುಗುಡ್ಡಗಳನ್ನು ಪ್ರಕೃತಿ ಮಾಡಿದ್ದಲ್ಲ, ನೂರಿಪ್ಪತ್ತು ವರ್ಷದಲ್ಲಿ ಮನುಷ್ಯ ಮಾಡಿದ್ದು. ಚಿನ್ನಕ್ಕಾಗಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಸೀಮೆ ಈಗ ನೀರಿಗಾಗಿ ಇಳಿಯುತ್ತಿದೆ.

ಕುರುಡುಮಲೆಯ ಏಕಶಿಲೆಯ ದೊಡ್ಡ ಗಣಪತಿಯನ್ನು ನೋಡಲು ಹುಡುಗಿಗೆ ಹೊತ್ತು ಸಾಲಲಿಲ್ಲ. ಸ್ವಂತ ವಾಹನದಲ್ಲಿ ಹೋಗುವವರು ಅದನ್ನು ಬಿಡಬಾರದು. ಮುಳಬಾಗಿಲಿಗೆ ಮರಳಿ ಶ್ರೀನಿವಾಸಪುರದ ಬಸ್ಸು ಹಿಡಿದಾಗ ಐದು ಗಂಟೆಯಾಗಿತ್ತು.

ಶ್ರೀನಿವಾಸಪುರದ ಹಳೆಯ ಹೆಸರು ಪಾಪನಪಲ್ಲಿ. ದಿವಾನ್ ಪೂರ್ಣಯ್ಯನವರು ಮಗನ ಹೆಸರಿಟ್ಟು ಶ್ರೀನಿವಾಸಪುರ ಮಾಡಿದರು. ಈಗ ಮಾವಿನ ಊರು ಎಂದರೆ ಎಲ್ಲರಿಗೂ ಗೊತ್ತು. ರಸ್ತೆಯ ಎರಡೂ ಬದಿ ಮಾವಿನ ತೋಪುಗಳು. ಕಾಯಿ ಬಲಿಯುತ್ತಿದ್ದ ಸಮಯ. ಆಳಕ್ಕೆ ಬೇರಿಳಿಸುವ ಮಾವು ಈ ನೆಲದ ಬುದ್ಧಿ ಅರಿತ ಮರ. ನಡುನಡುವೆ ನೀಲಗಿರಿ ತೋಪುಗಳೂ ಕಾಣುತ್ತವೆ. ನೀಲಗಿರಿ ಅಂತರ್ಜಲ ಕುಡಿಯುತ್ತದೆಂದು ಬಹಳ ವರ್ಷ ಕೂಗೆದ್ದ ಮೇಲೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು.

ಸೂರ್ಯ ಮುಳುಗಲು ಇನ್ನೊಂದು ಗಳಿಗೆ ಇರುವಾಗ ಹುಡುಗಿ ಅಜ್ಜಿಯ ಊರು ತಲುಪಿದಳು. ಅತ್ತೆ ಕೊಟ್ಟ ಮಜ್ಜಿಗೆ ಕುಡಿದವಳೇ, "ಮಾವ, ಹೊಲಕ್ಕೆ ಹೋಗೋಣ" ಎಂದಳು. ಹೊಸ ಜಾಗದಲ್ಲಿ ಅರಿಸಿನ ಕುಂಕುಮ ಹಾಕಿದ ಕಲ್ಲು ನೆಟ್ಟಿತ್ತು. ಕೊರೆಯುವ ಲಾರಿ ಮಂಗಳವಾರ ಬರುವುದೆಂದು ಮಾತಾಗಿತ್ತಂತೆ.

"ಟೊಮೆಟೊ ಹಾಕ್ಬೇಕು ಅಂದ್ರೆ ನೀರು ಬೇಕಲ್ಲಮ್ಮ. ರೇಟು ಸಿಕ್ಕಿದ್ರೆ ಒಂದೇ ಬೆಳೇಲಿ ಸಾಲ ಎಲ್ಲ ತೀರುತ್ತೆ."

"ಸಿಗದಿದ್ರೆ?"

ಮಾವ ಉತ್ತರ ಹೇಳಲಿಲ್ಲ. ಕೋಲಾರದ ಟೊಮೆಟೊ ಮಾರುಕಟ್ಟೆ ದೇಶದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಅಲ್ಲಿ ಲಕ್ಷ ಎಣಿಸಿದವರೂ ಉಂಟು, ರಸ್ತೆಗೆ ಸುರಿದು ಬಂದವರೂ ಉಂಟು.

ಹುಡುಗಿ ಕಲ್ಲಿನ ವಿಷಯ ಹೇಳಿದಳು. ಮೇಲಿನ ಕೆಲವು ಹತ್ತು ಅಡಿಗಳಲ್ಲಿ ಬಂಡೆ ಕರಗಿ ಮಣ್ಣಾಗಿರುತ್ತದೆ, ನೀರು ಹಿಡಿಯುವುದು ಅಲ್ಲಿ. ಅದರ ಕೆಳಗೆ ಗಟ್ಟಿ ಬಂಡೆ. ಅದೃಷ್ಟವಿದ್ದರೆ ಒಂದು ಸೀಳು ಸಿಗುತ್ತದೆ, ಇಲ್ಲದಿದ್ದರೆ ಬರೀ ಬೂದಿಯಂಥ ಪುಡಿ. ಸಿಕ್ಕರೂ ಆ ನೀರು ಬಹುಕಾಲ ಕಲ್ಲಿನೊಂದಿಗೆ ಕೂತದ್ದು, ಕಲ್ಲಿನ ಫ್ಲೋರೈಡನ್ನು ಕರಗಿಸಿಕೊಂಡದ್ದು. ಲೀಟರಿಗೆ ಒಂದೂವರೆ ಮಿಲಿಗ್ರಾಮಿಗಿಂತ ಹೆಚ್ಚಾದರೆ ಹಲ್ಲು ಕಂದುಗಟ್ಟುತ್ತದೆ. ಇನ್ನೂ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ ಬಿಗಿಯುತ್ತದೆ. ಊರಿನಲ್ಲಿ ನಾಣ್ಯ ಹಾಕಿ ಶುದ್ಧ ನೀರಿನ ಘಟಕದಿಂದ ಕ್ಯಾನು ತುಂಬಿಕೊಳ್ಳುವುದು ಇದಕ್ಕಾಗಿಯೇ.

"ಹಳೇ ಬಾವಿ ಏನಾಯ್ತು ಮಾವ?"

ಹೊಲದ ಮೂಲೆಯಲ್ಲಿ ಮುತ್ತಾತ ತೋಡಿಸಿದ ಕಲ್ಲುಕಟ್ಟಿನ ಬಾವಿ. ತಳ ಒಣಗಿ ಎಷ್ಟೋ ವರ್ಷ ಕಸ ಸುರಿಯುವ ಗುಂಡಿಯಾಗಿತ್ತು. ಮಾವ ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟರು. ನಾಲ್ಕು ಮಾರಿಗೆ 'ಗುಳುಂ' ಎಂದಿತು. ಮೇಲೆಳೆದಾಗ ಹಗ್ಗ ಎರಡು ಮಾರು ಒದ್ದೆ.

ಕಾರಣ ಊರ ಮುಂದಿನ ಕೆರೆ. 2021ರ ನವೆಂಬರ್ ಮಳೆಗೆ ಜಿಲ್ಲೆಯ ಎಷ್ಟೋ ಕೆರೆಗಳು ಬಹುಕಾಲದ ಮೇಲೆ ಕೋಡಿ ಹರಿದವು. ಹೆಂಗಸರು ಬಾಗಿನ ಕೊಟ್ಟು ಪೂಜೆ ಮಾಡಿದ್ದರು. ಅದಲ್ಲದೆ ಬೆಂಗಳೂರಿನ ಚರಂಡಿ ನೀರನ್ನು ಶುದ್ಧಿ ಮಾಡಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ ಇದೆ. 2018ರ ಜೂನ್‌ನಲ್ಲಿ ಮೊದಲ ನೀರು ಲಕ್ಷ್ಮೀಸಾಗರದ ಕೆರೆಗೆ ಬಂತು. ದಿನಕ್ಕೆ 44 ಕೋಟಿ ಲೀಟರ್ ಹರಿಸುವ ಯೋಜನೆ ಅದು. ಹರಿಯುವುದು ಯಾವ ದಾರಿಯಲ್ಲಿ? ಅದೇ ಹಳೆಯ ಸರಪಣಿಯಲ್ಲಿ, ಕೋಡಿಯಿಂದ ಕೋಡಿಗೆ. ನೀರು ಬಂದ ಕೆರೆಗಳ ಸುತ್ತ ಬಾವಿಗಳು ಮೇಲೆದ್ದಿವೆ ಎಂಬುದು ನಿಜ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಎಂದು ಜಿಲ್ಲೆಯ ಜನ ಹೋರಾಡಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದೂ ನಿಜ. ನೀರು ಬೇಕು ಎಂದ ಮಾತ್ರಕ್ಕೆ ಯಾವ ನೀರಾದರೂ ಆದೀತೆಂದು ಒಪ್ಪಬೇಕಾಗಿಲ್ಲ.

"ಬೆಂಗಳೂರಿನೋರು ಸ್ನಾನ ಮಾಡಿ ಬಿಟ್ಟಿದ್ದು" ಎಂದು ಮಾವ ಮುಖ ಕಿವಿಚಿದರು. "ಟೊಮೆಟೊಗೆ ಇಷ್ಟು ಸಾಲದು."

"ಮಾವಿಗೆ ಸಾಕು, ರಾಗಿಗೆ ಸಾಕು. ಒಂದು ಮೂಲೇಲಿ ಕೃಷಿ ಹೊಂಡ ತೋಡಿಸಿ" ಎಂದು ಹುಡುಗಿ 28 ಲಕ್ಷ ಲೀಟರಿನ ಲೆಕ್ಕ ತೆಗೆದಳು. ಮಾವ ನೋಟ್ ಪುಸ್ತಕವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಒಂದು ಸೊನ್ನೆ ಹೆಚ್ಚಾಗಿದೆಯೇನೋ ಎಂದರು. ತಾವೇ ಕೂತು ಇನ್ನೊಮ್ಮೆ ಗುಣಿಸಿದರು.

ಅಂತರಗಂಗೆಯ ನೀರಿದ್ದ ಬಾಟಲಿಯನ್ನು ಹುಡುಗಿ ಅಜ್ಜಿಯ ಕೈಗೆ ಕೊಟ್ಟಳು. ಅಜ್ಜಿ ಅದನ್ನು ದೇವರ ಮುಂದಿಟ್ಟರು. ಖಾಲಿಯಿದ್ದ ಇನ್ನೊಂದು ಬಾಟಲಿಗೆ ಬಾವಿಯ ನೀರು ತುಂಬಿ, ಮುಚ್ಚಳದ ಮೇಲೆ ತಾರೀಖು ಬರೆದಳು. ಕಾಲೇಜಿನ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದಕ್ಕೆ. ಅಷ್ಟರಲ್ಲಿ ಅಮ್ಮನ ಫೋನು.

"ಏನಾಯ್ತೇ? ಬಳೆ ಕೊಡ್ಲೋ ಬೇಡ್ವೋ?"

"ಒಂದು ವಾರ ತಡಿಯಮ್ಮ. ನೀರು ತರ್ತಿದೀನಿ."

ಮಾವ ಜಗುಲಿಯ ಮೇಲೆ ಕೂತು ಫೋನಿನಲ್ಲಿ ಲಾರಿಯವರ ನಂಬರು ಹುಡುಕುತ್ತಿದ್ದರು. ಬೇಡವೆನ್ನುವುದಕ್ಕೋ, ಮಂಗಳವಾರದ ಬದಲು ಶುಕ್ರವಾರ ಬನ್ನಿ ಎನ್ನುವುದಕ್ಕೋ, ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ.